ಸಕಲೇಶಪುರ ಕಡೆ ಹೋಂಸ್ಟೇ ಬುಕ್ ಮಾಡುವವರು ದಯವಿಟ್ಟು ಓದಿ, ಫುಲ್ ಅಡ್ವಾನ್ಸ್ ಮಾತ್ರ ಹಾಕಬೇಡಿ

ಬೇಸಿಗೆ ರಜೆಗೆ ಚಿಕ್ಕ ಮಕ್ಕಳನ್ನು ಕರೆದುಕೊಂಡು ಸಕಲೇಶಪುರ, ಚಿಕ್ಕಮಗಳೂರು, ಕೊಡಗು ಅಂತ ಹೊರಡುವವರು ಇದನ್ನು ಪೂರ್ತಿ ಓದಿ. ಸ್ವಲ್ಪ ಉದ್ದ ಆಗುತ್ತೆ. ಬರೆಯೋಕೆ ನಾಚಿಕೆಯೂ ಆಗುತ್ತಿದೆ. ಯಾರು ಕೇಳಿದರೂ ಓಟಿಪಿ ಕೊಡಬೇಡಿ, ಯಾವ ಲಿಂಕೂ ಒತ್ತಬೇಡಿ ಅಂತ ಅತ್ತೆಗೆ ಹೇಳಿಕೊಟ್ಟವಳು ನಾನು. ಅಂಥವಳು 14,000 ರೂಪಾಯಿಯನ್ನು ನನ್ನ ಕೈಯಾರೆ, ನಗುನಗುತ್ತಾ ಕಳಿಸಿದೆ. ಹತ್ತು ದಿನ ಆಯಿತು, ಇನ್ನೂ ಸಿಟ್ಟು ಇಳಿದಿಲ್ಲ.

ನಾವು ಬೆಂಗಳೂರಿನವರು. ಮಗಳಿಗೆ ಆರು ವರ್ಷ, ಮಗನಿಗೆ ಎರಡೂವರೆ. ಜೊತೆಗೆ ಅತ್ತೆ, ಅವರಿಗೆ ಮಂಡಿನೋವು. ರಜೆ ಪೂರ್ತಿ ಮಗಳು ಮನೆಯಲ್ಲೇ ಕಳೆದಿದ್ದಳು. ಅವಳು ಕೇಳಿದ್ದು ಒಂದೇ, ನೀರಲ್ಲಿ ಆಡಬೇಕು. ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ರೀಲ್ ಸಿಕ್ಕಿತು. ಕಾಫಿ ತೋಟದ ನಡುವೆ ಹಂಚಿನ ಮನೆ, ಮುಂದೆ ನೀಲಿ ಟೈಲ್ಸ್ ಹಾಕಿದ ಈಜುಕೊಳ, ಪಕ್ಕದಲ್ಲೇ ಮಕ್ಕಳಿಗೆ ಅಂತ ಮೊಣಕಾಲುದ್ದದ ಇನ್ನೊಂದು ಚಿಕ್ಕ ಕೊಳ. ಆ ಚಿಕ್ಕ ಕೊಳ ನೋಡಿಯೇ ನಾನು ಫೋನ್ ಮಾಡಿದ್ದು.

ಫೋನ್ ಎತ್ತಿದವನು ಎಷ್ಟು ಚೆನ್ನಾಗಿ ಮಾತಾಡಿದ ಅಂದರೆ, ಅವನು ಮಾತಾಡಿದ ರೀತಿಗೇ ನಾನು ಬಿದ್ದೆ. ಮೊದಲ ಮಾತಿನಿಂದಲೇ "ಅಕ್ಕ". "ಅಕ್ಕ, ಮಕ್ಕಳು ಎಷ್ಟು ಜನ? ವಯಸ್ಸೆಷ್ಟು?" "ವಯಸ್ಸಾದವರು ಯಾರಾದ್ರೂ ಬರ್ತಾರಾ ಅಕ್ಕ? ಹಾಗಾದ್ರೆ ಕೆಳಗಿನ ರೂಂ ಕೊಡ್ತೀನಿ." "ಕಾರಲ್ಲಿ ಬರ್ತೀರಾ, ಎಷ್ಟೊತ್ತಿಗೆ ಬರ್ತೀರಾ? ಸಂಜೆ ಬಂದ್ರೆ ಆರಾಮಾಗುತ್ತೆ, ಬೆಳಿಗ್ಗೆ ಕ್ಲೀನಿಂಗ್ ಇರುತ್ತೆ." ಇಷ್ಟೆಲ್ಲ ಕೇಳುತ್ತಾನಲ್ಲ, ಎಷ್ಟು ಕಾಳಜಿ ಇದೆ ಅಂದುಕೊಂಡೆ. ಇವನು ಯಾಕೆ ಇದನ್ನೆಲ್ಲ ಕೇಳಿದ ಅಂತ ಗೊತ್ತಾಗಿದ್ದು ಆಮೇಲೆ. ಮುಂದೆ ಹೇಳುತ್ತೇನೆ.

ದೊಡ್ಡವರಿಗೆ ಒಂದು ರಾತ್ರಿಗೆ ಊಟ ಸೇರಿ 2,200, ಮಗಳಿಗೆ ಅರ್ಧ, ಐದು ವರ್ಷದೊಳಗಿನ ಮಗುವಿಗೆ ಫ್ರೀ. ಎರಡು ರಾತ್ರಿಗೆ 15,400 ಆಯಿತು. ಸಾಮಾನ್ಯವಾಗಿ ಅರ್ಧ ಅಡ್ವಾನ್ಸ್ ಹಾಕಿ ಉಳಿದಿದ್ದನ್ನು ಅಲ್ಲಿ ಹೋಗಿ ಕೊಡುತ್ತೇವೆ, ಅಲ್ವಾ? ನಾನೂ ಅದನ್ನೇ ಹೇಳಿದೆ. "ಅಕ್ಕ, ಮೇ ತಿಂಗಳು ಸೀಸನ್. ಇದೇ ಡೇಟ್‌ಗೆ ಇನ್ನೂ ಇಬ್ಬರು ಕೇಳ್ತಿದ್ದಾರೆ. ಪೂರ್ತಿ ಹಾಕಿಬಿಟ್ರೆ ನಿಮಗೆ 14,000ಕ್ಕೆ ಮಾಡಿಕೊಡ್ತೀನಿ" ಅಂದ. ಹಾಕಿದೆ. ಯುಪಿಐನಲ್ಲಿ ಹಣ ಹೋಗುವಾಗ ಹೋಂಸ್ಟೇ ಹೆಸರು ಬರಲಿಲ್ಲ, ಯಾವುದೋ ಹೆಂಗಸಿನ ಹೆಸರು ಬಂತು. "ನಮ್ಮ ಅತ್ತಿಗೆ ಅಕೌಂಟ್ ಅಕ್ಕ" ಅಂದ. ಅದನ್ನೂ ನಂಬಿದೆ.

ಶುಕ್ರವಾರ ಬೆಳಿಗ್ಗೆ ಹೊರಟೆವು. ಕುಣಿಗಲ್, ಚನ್ನರಾಯಪಟ್ಟಣ, ಹಾಸನ ದಾಟಿ ಸಕಲೇಶಪುರ ತಲುಪುವಾಗ ಮೂರು ಗಂಟೆ. ಮಗ ಎರಡು ಸಲ ವಾಂತಿ ಮಾಡಿಕೊಂಡಿದ್ದ. ಲೊಕೇಶನ್ ಕಳಿಸು ಅಂತ ನಾನು ಎರಡು ದಿನದಿಂದ ಕೇಳುತ್ತಲೇ ಇದ್ದೆ. "ಊರಿಗೆ ಬಂದ ಮೇಲೆ ಕಳಿಸ್ತೀನಿ, ಈಗಲೇ ಕಳಿಸಿದ್ರೆ ನೆಟ್‌ವರ್ಕ್ ಇಲ್ಲದ ಕಡೆ ದಾರಿ ತಪ್ಪಿಸುತ್ತೆ" ಅನ್ನುತ್ತಿದ್ದ. ಕೊನೆಗೆ ಲೊಕೇಶನ್ ಬಂತು. ಒತ್ತಿ ನೋಡಿದರೆ ಅದು ಒಂದು ಪೆಟ್ರೋಲ್ ಬಂಕ್!

"ಅಲ್ಲೇ ನಿಂತಿರಿ ಮೇಡಂ, ಹುಡುಗ ಬರ್ತಾನೆ."

ಮೇಡಂ. ಹಣ ಹಾಕುವ ತನಕ ಅಕ್ಕ ಆಗಿದ್ದೆ. ಆವತ್ತು ಬಂಕ್ ಮುಂದೆ ನಿಂತಾಗಲೇ ನನಗೆ ಹೊಟ್ಟೆಯಲ್ಲಿ ಒಂದು ಥರ ಆಯಿತು. ಆದರೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಬುಕ್ ಮಾಡಿದವಳು ನಾನೇ ಅಲ್ವಾ.

ಒಂದು ಗಂಟೆ ಕಾಯಿಸಿದ ಮೇಲೆ ಜೀಪ್ ಬಂತು. "ಕಾರ್ ಇಲ್ಲೇ ಶೆಡ್‌ನಲ್ಲಿ ಬಿಡಿ, ಮೇಲಕ್ಕೆ ಕಾರ್ ಹೋಗಲ್ಲ. ಜೀಪಿಗೆ 1,500." ಒಂದು ಕಡೆಗೆ. ಫೋನಿನಲ್ಲಿ ಮಾತಾಡುವಾಗ "ಮನೆ ಬಾಗಿಲ ತನಕ ಕಾರ್ ಬರುತ್ತೆ ಅಕ್ಕ" ಅಂದಿದ್ದ. ನಮ್ಮನೆಯವರು ಜಗಳಕ್ಕೆ ನಿಂತರು. ಆ ಹುಡುಗ "ನನಗೆ ಗೊತ್ತಿಲ್ಲ ಅಣ್ಣ, ಓನರ್ ಹತ್ರ ಮಾತಾಡಿ" ಅಂತ ಒಂದೇ ಮಾತು. ಓನರ್ ಫೋನ್ ಎತ್ತಲಿಲ್ಲ. ಅತ್ತೆ ಬಿಸಿಲಲ್ಲಿ ನಿಂತಿದ್ದರು, ಮಗ ಅಳುತ್ತಿದ್ದ. ಕೊಟ್ಟೆವು.

ನಲವತ್ತು ನಿಮಿಷ ಕಲ್ಲು ದಾರಿ. ಮಗಳು ಆ ಜೀಪಿನಲ್ಲೇ ತೋಳಿಗೆ ಹಾಕುವ ಗಾಳಿ ಚೀಲ ಊದಿಸಿಕೊಂಡು, ಹಾಕಿಕೊಂಡು ಕೂತಿದ್ದಳು. ಇಳಿದ ತಕ್ಷಣ ನೀರಿಗೆ ಹೋಗಬೇಕು ಅಂತ.

ಇಳಿದೆವು. ಹಂಚಿನ ಮನೆ ಇರಲಿಲ್ಲ. ಶೀಟ್ ಹೊದಿಸಿದ ಮೂರು ರೂಮು ಸಾಲಾಗಿ ಇದ್ದವು. ಕಾಫಿ ಗಿಡ ಇತ್ತು, ಅದು ಮಾತ್ರ ನಿಜ. ಈಜುಕೊಳ ಎಲ್ಲಿ ಅಂತ ಕೇಳಿದರೆ ಆ ಹುಡುಗ ಕೈ ತೋರಿಸಿದ. ತೋಟಕ್ಕೆ ನೀರು ಹೊಡೆಯೋಕೆ ಕಟ್ಟಿದ ಸಿಮೆಂಟ್ ತೊಟ್ಟಿ ಅದು. ಪಾಚಿ ಕಟ್ಟಿದ ಹಸಿರು ನೀರು. ನಮ್ಮನೆಯವರು ಒಂದು ಕೋಲು ಇಳಿಸಿ ನೋಡಿದರು, ನನ್ನ ಕತ್ತಿನ ತನಕ ಇತ್ತು. ಸುತ್ತ ಬೇಲಿ ಇಲ್ಲ, ಕಟ್ಟೆ ಇಲ್ಲ, ನೆಲದ ಮಟ್ಟಕ್ಕೇ ನೀರು. ನಮ್ಮ ರೂಮಿನ ಬಾಗಿಲಿಂದ ಹತ್ತು ಹೆಜ್ಜೆ.

ಮಗಳು ತೋಳಿನ ಚೀಲ ಹಾಕಿಕೊಂಡೇ ನನ್ನ ಮುಖ ನೋಡಿದಳು. "ಅಮ್ಮಾ, ಇದಲ್ಲ ಅಲ್ವಾ?"

ಆ ಕ್ಷಣ ನನಗೆ ಮರೆಯೋಕೆ ಆಗುತ್ತಿಲ್ಲ. ಹಣ ಹೋಗಲಿ. ಅವಳು ಅದನ್ನು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆರನೇ ಸಲಕ್ಕೆ ಓನರ್ ಫೋನ್ ಎತ್ತಿದ. ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ. ನಿಮಗೂ ಇದೇ ಮಾತು ಕೇಳಿಬರಬಹುದು.

"ಮೇಡಂ, ಅದು ನಮ್ಮ ಇನ್ನೊಂದು ಬ್ರಾಂಚ್. ಅಲ್ಲಿರೋ ಗ್ರೂಪ್ ಒಂದು ದಿನ ಜಾಸ್ತಿ ಉಳ್ಕೊಂಡುಬಿಟ್ರು."

ಹಾಗಾದರೆ ನಮಗೆ ಮೊದಲೇ ಯಾಕೆ ಹೇಳಲಿಲ್ಲ ಅಂದೆ. "ನೀವು ದಾರಿಯಲ್ಲಿದ್ರಿ, ಸುಮ್ನೆ ಟೆನ್ಶನ್ ಯಾಕೆ ಕೊಡೋದು ಅಂತ."

ತೊಟ್ಟಿಗೆ ಬೇಲಿ ಇಲ್ಲ, ಚಿಕ್ಕ ಮಗು ಇದೆ ಅಂದೆ. "ನಿಮ್ಮ ಮಕ್ಕಳನ್ನ ನೀವೇ ನೋಡ್ಕೋಬೇಕಲ್ವಾ ಮೇಡಂ?"

ನಮ್ಮ ಹಣ ವಾಪಸ್ ಕೊಡು, ಈಗಲೇ ಹೊರಡುತ್ತೇವೆ ಅಂದೆ. "ಅಡ್ವಾನ್ಸ್ ವಾಪಸ್ ಇಲ್ಲ ಅಂತ ಮೆಸೇಜಲ್ಲೇ ಹಾಕಿದ್ದೀನಿ, ನೋಡ್ಕೊಳ್ಳಿ." ನೋಡಿದೆ. ನಾನು ಹಣ ಹಾಕಿದ ಮೂರು ನಿಮಿಷ ಆದ ಮೇಲೆ ಕಳಿಸಿದ್ದಾನೆ. ಉದ್ದದ ಮೆಸೇಜು, ಕೊನೆಯ ಸಾಲಲ್ಲಿ ಇದೆ. ಹಣ ಹಾಕುವ ಮೊದಲು ಆ ಮಾತೇ ಇರಲಿಲ್ಲ.

ಆಮೇಲೆ ಒಂದು ಮಾತು ಹೇಳಿದ. "ಆಯ್ತು ಹೊರಡಿ ಮೇಡಂ. ಅಜ್ಜಿನ, ಮಕ್ಕಳನ್ನ ಕಟ್ಕೊಂಡು ಈ ಹೊತ್ತಲ್ಲಿ ಎಲ್ಲಿಗೆ ಹೋಗ್ತೀರಾ?"

ಆಗ ಗೊತ್ತಾಯಿತು ನನಗೆ. ಮಕ್ಕಳ ವಯಸ್ಸು ಯಾಕೆ ಕೇಳಿದ, ವಯಸ್ಸಾದವರು ಬರುತ್ತಾರಾ ಅಂತ ಯಾಕೆ ಕೇಳಿದ, ಸಂಜೆ ಬನ್ನಿ ಅಂತ ಯಾಕೆ ಹೇಳಿದ. ಕಾಲೇಜು ಹುಡುಗರಾದರೆ ಜಗಳ ಮಾಡಿ ವಾಪಸ್ ಹೋಗುತ್ತಾರೆ. ಎರಡೂವರೆ ವರ್ಷದ ಮಗು ಇರುವವರು ಹೋಗಲ್ಲ. ಕಾರು ಬಂಕ್ ಹತ್ತಿರದ ಶೆಡ್‌ನಲ್ಲಿ, ಜೀಪು ಅವರದು, ಕತ್ತಲಾಗುತ್ತಿದೆ, ಮಗುವಿಗೆ ಹಸಿವು. ಎಲ್ಲಾ ಅವನಿಗೆ ಮೊದಲೇ ಗೊತ್ತಿತ್ತು. ನಾನೇ ಹೇಳಿದ್ದೆ.

ಮೇಲಿಂದ ಮಗನಿಗೆ ರಾತ್ರಿಗೆ 600 ಕೇಳಿದ. ಎರಡು ವರ್ಷ ದಾಟಿದ ಮಕ್ಕಳಿಗೆ ಚಾರ್ಜ್ ಇದೆಯಂತೆ. ಅದನ್ನು ಮಾತ್ರ ಕೊಡಲಿಲ್ಲ.

ಆ ರಾತ್ರಿ ಗುಡುಗು, ಮಳೆ, ಕರೆಂಟ್ ಹೋಯಿತು. ರೂಮಿನ ಚಿಲಕ ಮುರಿದಿತ್ತು. ಮಗ ನಿದ್ದೆಯಲ್ಲಿ ಎದ್ದು ನಡೆದುಬಿಟ್ಟರೆ ಅಂತ ಬಾಗಿಲಿಗೆ ಸೂಟ್‌ಕೇಸ್ ಅಡ್ಡ ಇಟ್ಟು, ಅದಕ್ಕೆ ಒರಗಿ ನಾನು ಕೂತೆ. ಹತ್ತು ಹೆಜ್ಜೆ ಆಚೆ ತೊಟ್ಟಿ. ಬೆಳಗಿನ ತನಕ ಕಣ್ಣು ಮುಚ್ಚಲಿಲ್ಲ. ಅತ್ತೆ ಒಂದು ಮಾತೂ ಬೈಯಲಿಲ್ಲ. ಅದು ಇನ್ನೂ ಜಾಸ್ತಿ ನೋವಾಯಿತು.

ಅಲ್ಲಿ ಅಡುಗೆ ಮಾಡುವ ಒಬ್ಬರು ಅಜ್ಜ ಇದ್ದರು. ಅವರ ಬಗ್ಗೆ ನನಗೆ ಸಿಟ್ಟಿಲ್ಲ. ಮಲೆನಾಡಿನ ಊಟ, ಕಡುಬು, ಅಕ್ಕಿ ರೊಟ್ಟಿ ಅಂತ ಓನರ್ ಆಸೆ ತೋರಿಸಿದ್ದ, ಸಿಕ್ಕಿದ್ದು ಅನ್ನ, ನೀರು ಸಾರು. ಆದರೆ ಆ ಅಜ್ಜ ಕತ್ತಲಲ್ಲಿ ಸೌದೆ ಒಲೆ ಹಚ್ಚಿ ಮಗನಿಗೆ ಹಾಲು ಕಾಯಿಸಿಕೊಟ್ಟರು. ಬೆಳಿಗ್ಗೆ ಹೊರಡುವಾಗ ಮೆಲ್ಲಗೆ ಹೇಳಿದರು, "ವಾರವಾರ ಹಿಂಗೇ ಕಣವ್ವಾ. ಬಂದೋರೆಲ್ಲ ಆ ನೀಲಿ ಕೊಳ ಎಲ್ಲಿ ಅಂತ ನನ್ನ ಕೇಳ್ತಾರೆ. ಈಜುಕೊಳ ಇರೋ ಮನೆ ಇವರದ್ದು ಯಾವುದೂ ಇಲ್ಲ."

ಬ್ರಾಂಚೇ ಇಲ್ಲ! ಊರಿಗೆ ಬಂದ ಮೇಲೆ ಆ ಕೊಳದ ಫೋಟೊವನ್ನು ಗೂಗಲ್ ಲೆನ್ಸ್‌ಗೆ ಹಾಕಿದೆ. ಎರಡೇ ನಿಮಿಷ. ಅದು ಚಿಕ್ಕಮಗಳೂರು ಕಡೆಯ ಬೇರೆ ಯಾರದ್ದೋ ಜಾಗ. ಅವರಿಗೆ ಫೋನ್ ಮಾಡಿದರೆ, "ನಮ್ಮ ವಿಡಿಯೊ ಕದ್ದು ಹಾಕ್ಕೊಂಡಿದ್ದಾರೆ ಮೇಡಂ, ನಿಮ್ಮ ಥರ ಇನ್ನೂ ಕೆಲವರು ಫೋನ್ ಮಾಡಿದ್ರು" ಅಂದರು. ಆ ಎರಡು ನಿಮಿಷದ ಕೆಲಸವನ್ನು ನಾನು ಹಣ ಹಾಕುವ ಮೊದಲು ಮಾಡಲಿಲ್ಲ. ಮಗುವಿನ ಶೂ ಕೊಳ್ಳೋಕೆ ಅರ್ಧ ಗಂಟೆ ರಿವ್ಯೂ ಓದುತ್ತೇನೆ, ಇದಕ್ಕೆ ಓದಲಿಲ್ಲ.

ಎರಡನೇ ರಾತ್ರಿ ಬಿಟ್ಟು ಶನಿವಾರ ಬೆಳಿಗ್ಗೆಯೇ ಹೊರಟೆವು. ಇಳಿಯೋಕೆ ಮತ್ತೆ ಜೀಪಿಗೆ 1,500. ಒಟ್ಟು 17,000 ಹೋಯಿತು. ಮಕ್ಕಳಿಗೆ ಏನಾದರೂ ತೋರಿಸಬೇಕಲ್ಲ ಅಂತ ಮಂಜರಾಬಾದ್ ಕೋಟೆಗೆ ಹೋದೆವು. ಊರಿಂದ ಹತ್ತಿರ, ಹೆದ್ದಾರಿ ಪಕ್ಕದಲ್ಲೇ ಇದೆ. ಇನ್ನೂರಕ್ಕೂ ಜಾಸ್ತಿ ಮೆಟ್ಟಿಲು, ಅತ್ತೆ ಕೆಳಗೇ ಕೂತರು. ಟಿಪ್ಪು ಸುಲ್ತಾನ್ ಕಟ್ಟಿಸಿದ ಕೋಟೆ, ಎಂಟು ಮೂಲೆಯ ನಕ್ಷತ್ರದ ಆಕಾರ. ಮಗಳು ಮೂಲೆ ಎಣಿಸುತ್ತಾ ಓಡಾಡಿದಳು. ಇಡೀ ಪ್ರವಾಸದಲ್ಲಿ ಅವಳು ನಕ್ಕಿದ್ದು ಅಲ್ಲಿ ಮಾತ್ರ. ಅದಾದ ಮೇಲೆ ಸೀದಾ ಬೆಂಗಳೂರು.

ಅವನ ಪೇಜಿನಲ್ಲಿ ನಡೆದಿದ್ದನ್ನೆಲ್ಲ ಕಾಮೆಂಟ್ ಹಾಕಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು. ಮತ್ತೆ ಅಕ್ಕ! "ಅಕ್ಕ, ಅದನ್ನ ತೆಗೀರಿ, 2,000 ವಾಪಸ್ ಹಾಕ್ತೀನಿ." ಆಗಲ್ಲ, ಪೂರ್ತಿ ಹಾಕು ಅಂದೆ. "ನೀವು ಉಳ್ಕೊಂಡಿದ್ದೀರಿ, ಊಟ ಮಾಡಿದ್ದೀರಿ, ಎಲ್ಲಿ ಬೇಕಾದ್ರೂ ಕಂಪ್ಲೇಂಟ್ ಕೊಡಿ" ಅಂತ ಇಟ್ಟ. ಕಾಮೆಂಟ್ ಅಳಿಸಿದ, ನನ್ನನ್ನು ಬ್ಲಾಕ್ ಮಾಡಿದ. 1915, ಅದು ಗ್ರಾಹಕರ ಸಹಾಯವಾಣಿ, ಅಲ್ಲಿ ದೂರು ಕೊಟ್ಟಿದ್ದೇನೆ. ಸೈಬರ್ ವಂಚನೆಗೆ ಇರುವ 1930ಕ್ಕೂ ಮಾಡಿದೆ, ಆದರೆ ಮೂರು ದಿನ ತಡವಾಗಿ. ಹಣ ಹೋದ ತಕ್ಷಣ ಮಾಡಿದರೆ ಅದನ್ನು ತಡೆಯೋಕೆ ಅವಕಾಶ ಜಾಸ್ತಿ, ನಮ್ಮ ಹಾಗೆ ಕಾಯಬೇಡಿ.

ನಾನು ಹೇಳುವುದು ಇಷ್ಟೇ. ಫುಲ್ ಅಡ್ವಾನ್ಸ್ ಕೇಳಿದರೆ ಅಲ್ಲೇ ಬಿಟ್ಟುಬಿಡಿ, ಎಷ್ಟು ಡಿಸ್ಕೌಂಟ್ ಕೊಟ್ಟರೂ ಬೇಡ. ಮನೆಯ ನಿಜವಾದ ಲೊಕೇಶನ್ ಕಳಿಸದೆ ಒಂದು ರೂಪಾಯಿ ಹಾಕಬೇಡಿ. ಈಗಲೇ ವಿಡಿಯೊ ಕಾಲ್ ಮಾಡಿ ಕೊಳದ ಹತ್ತಿರ ನಿಂತು ತೋರಿಸು ಅನ್ನಿ, ನೆಟ್‌ವರ್ಕ್ ಇಲ್ಲ ಅಂದರೆ ಬೇಡ ಅನ್ನಿ. ಹೋಂಸ್ಟೇಗೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಪತ್ರ ಇದ್ದರೆ ಫೋಟೊ ಕಳಿಸು ಅನ್ನಿ. ಹಣ ಹೋಗುವ ಹೆಸರು ಬೇರೆ ಇದ್ದರೆ ನಿಲ್ಲಿಸಿ, ಅತ್ತಿಗೆ ಅಂದರೂ ನಿಲ್ಲಿಸಿ. ಸಂಜೆ ಹೋಗಬೇಡಿ. ಮಧ್ಯಾಹ್ನದೊಳಗೆ ತಲುಪಿ, ಸರಿ ಇಲ್ಲದಿದ್ದರೆ ಬೇರೆ ಜಾಗ ಹುಡುಕೋಕೆ ಹಗಲು ಉಳಿದಿರಬೇಕು. ಮಕ್ಕಳ ವಯಸ್ಸು ಕೇಳಿದರೆ ಹೇಳಿ, ಆದರೆ ಅದನ್ನು ಕಾಳಜಿ ಅಂದುಕೊಳ್ಳಬೇಡಿ. ಸಕಲೇಶಪುರದಲ್ಲಿ ಒಳ್ಳೆಯ ಹೋಂಸ್ಟೇಗಳೂ ಬೇಕಾದಷ್ಟು ಇವೆ, ನನ್ನ ತಂಗಿ ಎರಡು ಸಲ ಹೋಗಿ ಖುಷಿಯಾಗಿ ಬಂದಿದ್ದಾಳೆ. ಇಂಥವರಿಂದ ಅವರ ಹೆಸರೂ ಕೆಡುತ್ತಿದೆ.

ನಿನ್ನೆ ತಂಗಿಯ ಫೋನಿನಲ್ಲಿ ಆ ಪೇಜ್ ನೋಡಿದೆ. ಅದೇ ನೀಲಿ ಕೊಳದ ವಿಡಿಯೊ ಮತ್ತೆ ಹಾಕಿದ್ದಾನೆ, ಶಾಲೆ ಶುರುವಾಗೋ ಮುಂಚಿನ ಕೊನೆ ಆಫರ್ ಅಂತ. ಕೆಳಗೆ ಒಬ್ಬ ತಾಯಿ ಕೇಳಿದ್ದಾರೆ, "ಎರಡು ವರ್ಷದ ಮಗು ಇದೆ, ಸೇಫಾ?" ಅವನು ಉತ್ತರ ಕೊಟ್ಟಿದ್ದಾನೆ, "ಹೌದು ಅಕ್ಕ, ಇನ್‌ಬಾಕ್ಸ್‌ಗೆ ಬನ್ನಿ." ತಂಗಿಯ ಅಕೌಂಟ್‌ನಿಂದಲೇ ಅವರಿಗೆ ತೊಟ್ಟಿಯ ಫೋಟೊ ಕಳಿಸಿ ಎಲ್ಲಾ ಬರೆದೆ. ಈ ಬೆಳಿಗ್ಗೆ ತನಕ ಅವರು ಅದನ್ನು ನೋಡಿಲ್ಲ.