14567 ಎಲ್ಡರ್‌ಲೈನ್: ಹಿರಿಯರ ಸಹಾಯವಾಣಿಯಿಂದ ಸಿಗುವುದೇನು, ಸಿಗದಿರುವುದೇನು

ಹಿರಿಯ ನಾಗರಿಕರಿಗಾಗಿ ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯದ ಉಚಿತ ಸಹಾಯವಾಣಿ ಎಲ್ಡರ್‌ಲೈನ್. ನಂಬರ್ 14567. ವಾರದ ಏಳೂ ದಿನ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಕರೆ ತೆಗೆದುಕೊಳ್ಳುತ್ತಾರೆ. 2017ರಲ್ಲಿ ಟಾಟಾ ಟ್ರಸ್ಟ್ಸ್ ಬೆಂಬಲದಿಂದ ಹೈದರಾಬಾದಿನಲ್ಲಿ ಶುರುವಾದ ಈ ಕೆಲಸ 2021ರ ಅಕ್ಟೋಬರ್ 1ರಂದು ಇಡೀ ದೇಶದ ಸೇವೆಯಾಯಿತು. ನಮ್ಮ ರಾಜ್ಯಕ್ಕೆ ಇಂಥದ್ದು ಹೊಸದೇನಲ್ಲ. ಬೆಂಗಳೂರು ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ 2002ರಲ್ಲೇ 1090 ಹಿರಿಯರ ಸಹಾಯವಾಣಿ ಆರಂಭಿಸಿದ್ದರು. ಅದು ರಾಜಧಾನಿಯ ಹಿರಿಯರಿಗೆಂದು ಹುಟ್ಟಿದ್ದು. 14567ಕ್ಕೆ ಬೀದರಿನಿಂದಲೂ ಸುಳ್ಯದಿಂದಲೂ ಕರೆ ಮಾಡಬಹುದು.

ನೇರವಾಗಿ ಹೇಳುವುದಾದರೆ ಇದು ಒಳ್ಳೆಯ ಸೇವೆ, ಆದರೆ ಕೈಯಲ್ಲಿ ಅಧಿಕಾರ ಇಲ್ಲದ ಸೇವೆ. ದಾರಿ ತೋರಿಸುತ್ತಾರೆ, ಸಂಬಂಧಪಟ್ಟ ಕಚೇರಿಗೆ ವಿಷಯ ಮುಟ್ಟಿಸುತ್ತಾರೆ, ಮನೆಯವರನ್ನು ಕೂರಿಸಿ ಮಾತಾಡುತ್ತಾರೆ, ಬೀದಿಪಾಲಾದ ಹಿರಿಯರನ್ನು ಆಶ್ರಯಕ್ಕೆ ಸೇರಿಸಲು ಓಡಾಡುತ್ತಾರೆ. ಮಗನಿಗೆ ಆದೇಶ ಮಾಡಲು, ಪಿಂಚಣಿ ಮಂಜೂರು ಮಾಡಲು, ಕೇಸು ದಾಖಲಿಸಲು ಅವರಿಂದ ಆಗುವುದಿಲ್ಲ. ಹಾಗಾಗಿ ಕರೆ ಮಾಡಿದ ಮೇಲೆ ಆ ಕೆಲಸದ ಬೆನ್ನು ಹತ್ತುವವರು ಒಬ್ಬರು ಪಕ್ಕದಲ್ಲಿರಬೇಕು. ಬಡಾವಣೆಯ ಹಿರಿಯ ನಾಗರಿಕರ ಸಂಘದವರಾಗಲಿ, ಆಶಾ ಕಾರ್ಯಕರ್ತೆಯಾಗಲಿ, ಪಕ್ಕದ ಮನೆಯವರಾಗಲಿ, ಯಾರಾದರೂ ಸರಿ. ಎಪ್ಪತ್ತೈದರ ಅಜ್ಜಿಯ ಕೈಗೆ ನಂಬರೊಂದನ್ನು ಕೊಟ್ಟು ಸುಮ್ಮನಾದರೆ ಕೆಲಸ ಅರ್ಧದಲ್ಲೇ ನಿಲ್ಲುತ್ತದೆ.

ಸೇವೆಯಲ್ಲಿ ನಾಲ್ಕು ಬಗೆಯಿದೆ: ಮಾಹಿತಿ, ಮಾರ್ಗದರ್ಶನ, ಮನಸ್ಸಿಗೆ ಆಸರೆಯಾಗುವ ಮಾತು, ಸ್ಥಳಕ್ಕೇ ಬಂದು ನೆರವಾಗುವುದು. ಪ್ರತಿ ಕರೆಗೂ ಬಾಗಿಲಿಗೆ ಜನ ಬರುತ್ತಾರೆಂದು ಕಾಯಬೇಡಿ. ಫೋನಿನಲ್ಲೇ ಮುಗಿಯುವುದನ್ನು ಫೋನಿನಲ್ಲೇ ಮುಗಿಸುತ್ತಾರೆ. ಫೀಲ್ಡ್ ರೆಸ್ಪಾನ್ಸ್ ಆಫೀಸರ್ ಹೊರಡುವುದು ದೌರ್ಜನ್ಯ, ಪರಿತ್ಯಾಗ, ನಿರ್ಗತಿಕರ ರಕ್ಷಣೆಯಂಥ ಸಂದರ್ಭಗಳಿಗೆ. ಮಾಹಿತಿ ಕೇಳುವವರಿಗಂತೂ ಈ ನಂಬರ್ ತುಂಬಾ ಅನುಕೂಲ. ಯಾವ ಯೋಜನೆಗೆ ಯಾವ ಕಚೇರಿ, ಹತ್ತಿರದ ವೃದ್ಧಾಶ್ರಮ ಯಾವುದು, ಹಗಲು ಯೋಗಕ್ಷೇಮ ಕೇಂದ್ರ ಎಲ್ಲಿದೆ ಎಂದು ಕಚೇರಿಯಿಂದ ಕಚೇರಿಗೆ ಅಲೆಯುವ ಬದಲು ಒಂದೇ ಕಡೆ ಕೇಳಬಹುದು.

ಕರೆ ಮಾಡುವ ಮೊದಲು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕಾದದ್ದು ಇಷ್ಟು: ಹಿರಿಯರ ಹೆಸರು, ವಯಸ್ಸು, ಈಗ ಇರುವ ವಿಳಾಸ, ತಾಲ್ಲೂಕು, ಜಿಲ್ಲೆ, ಗುರುತಿಗೆ ಹತ್ತಿರದ ಗುಡಿ ಅಥವಾ ಶಾಲೆ, ಜೊತೆಯಲ್ಲಿ ಯಾರಿದ್ದಾರೆ, ಯಾವ ಕಾಯಿಲೆಗೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಮೊದಲ ವಾಕ್ಯದಲ್ಲೇ ಬೇಕಾದದ್ದನ್ನು ಹೇಳಿ. "ಮೂರು ತಿಂಗಳಿಂದ ಪಿಂಚಣಿ ಬಂದಿಲ್ಲ" ಎಂದು ಶುರು ಮಾಡಿದರೆ ಕೆಲಸ ಸಾಗುತ್ತದೆ. ಇಪ್ಪತ್ತು ವರ್ಷದ ಸಂಸಾರದ ಕಥೆಯಿಂದ ಶುರುವಾದರೆ ಕೇಳುವವರಿಗೆ ಎಲ್ಲಿ ಹಿಡಿಯಬೇಕೆಂದೇ ತಿಳಿಯುವುದಿಲ್ಲ. ಸೇವೆ ನಡೆಯುವುದು ರಾಜ್ಯವಾರು ಕೇಂದ್ರಗಳಿಂದ. ಆದ್ದರಿಂದ ಪುಣೆಯಲ್ಲಿರುವ ಮಗಳು ಶಿವಮೊಗ್ಗದಲ್ಲಿರುವ ತಾಯಿಗಾಗಿ ಕರೆ ಮಾಡುವಾಗ ತಾಯಿ ಇರುವ ರಾಜ್ಯ, ಜಿಲ್ಲೆ ಎರಡನ್ನೂ ಮೊದಲೇ ಹೇಳಬೇಕು. ಕೊನೆಯಲ್ಲಿ ದೂರಿನ ಸಂಖ್ಯೆ, ಮಾತಾಡಿದವರ ಹೆಸರು, ದಿನಾಂಕ ಕೇಳಿ ಬರೆದುಕೊಳ್ಳಿ. ಮತ್ತೆ ವಿಚಾರಿಸುವಾಗ ಎಲ್ಲವನ್ನೂ ಮೊದಲಿನಿಂದ ಹೇಳುವ ಪಾಡು ತಪ್ಪುತ್ತದೆ.

ಕಿವಿ ಮಂದವಾದವರಿಗೆ ಧ್ವನಿಯನ್ನೇ ನಂಬಿದ ಸೇವೆ ಕಷ್ಟ. ಇದು ಈ ವ್ಯವಸ್ಥೆಯ ದೊಡ್ಡ ಕೊರತೆ. ಟಿವಿ, ಫ್ಯಾನ್ ಎರಡನ್ನೂ ಆರಿಸಿ ಸ್ಪೀಕರ್ ಹಾಕಿ, ಪಕ್ಕದಲ್ಲಿ ಕೂತವರು ಪ್ರಶ್ನೆಯನ್ನು ನಿಧಾನವಾಗಿ ಮತ್ತೆ ಹೇಳಿದರೆ ಸಾಕಷ್ಟು ನಡೆಯುತ್ತದೆ. ಆದರೆ ಉತ್ತರ ಹಿರಿಯರ ಬಾಯಿಂದಲೇ ಬರಲಿ. "ಅಜ್ಜಿಗೆ ಏನೂ ಗೊತ್ತಾಗಲ್ಲ, ನನ್ನನ್ನೇ ಕೇಳಿ" ಎನ್ನುವ ಸಂಬಂಧಿಕರಿಂದಲೇ ಎಷ್ಟೋ ದೂರುಗಳು ದಿಕ್ಕು ತಪ್ಪುತ್ತವೆ.

ಮನೆಯೊಳಗೇ ಹೊಡೆತ, ಬೈಗುಳ, ಊಟ ಕೊಡದಿರುವುದು ಇದ್ದಲ್ಲಿ ಕರೆ ಮಾಡುವ ರೀತಿಯೇ ಬೇರೆ. ಇಲ್ಲಿ ಅಪಾಯ ಇರುವುದು ನೀವು ಮಾಡುವ ಕರೆಯಲ್ಲಿ ಅಲ್ಲ, ಅವರಿಂದ ವಾಪಸ್ ಬರುವ ಕರೆಯಲ್ಲಿ. ಸಂಜೆ ಮಗ ಮನೆಯಲ್ಲಿದ್ದಾಗ ಫೋನ್ ಬಂದು, ಅದನ್ನು ಅವನೇ ತೆಗೆದರೆ ಆ ರಾತ್ರಿ ತಾಯಿಯ ಗತಿ ಏನು? ಆದ್ದರಿಂದ ಪಕ್ಕದ ಮನೆಯಿಂದಲೋ ದೇವಸ್ಥಾನದಿಂದಲೋ ಬೇರೆಯವರ ಫೋನಿನಿಂದ ಕರೆ ಮಾಡಿಸಿ. "ಮನೆಯ ನಂಬರಿಗೆ ಮಾಡಬೇಡಿ, ಈ ನಂಬರಿಗೆ ಹಗಲು 11ರಿಂದ 1ರೊಳಗೆ ಮಾಡಿ" ಎಂದು ಸ್ಪಷ್ಟವಾಗಿ ಹೇಳಿಸಿ. ಸ್ವಂತ ಫೋನಿನಿಂದ ಮಾಡಿದ್ದರೆ ಕರೆಯ ಪಟ್ಟಿಯಿಂದ ಆ ನಂಬರ್ ಅಳಿಸಿ. ಗಾಯವಾಗಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ, ಹೇಗಾಯಿತು ಎಂಬುದನ್ನು ವೈದ್ಯರ ಚೀಟಿಯಲ್ಲಿ ಬರೆಸಿ. ಜೀವಕ್ಕೆ ಅಪಾಯವಿದ್ದರೆ 14567 ಅಲ್ಲ, 112. ಮಹಿಳೆಯರಿಗೆ 181 ಕೂಡ ಇದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಸೊಸೆಗಷ್ಟೇ ಎಂದು ಬಹಳ ಜನ ತಿಳಿದಿದ್ದಾರೆ. ಮಗನಿಂದ ಹಿಂಸೆ ಅನುಭವಿಸುವ ತಾಯಿಯೂ ಅದರ ಆಸರೆ ಪಡೆಯಬಹುದು.

ಬಹಳಷ್ಟು ಹಿರಿಯರನ್ನು ಕಾಡುವುದು ಪಿಂಚಣಿ. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ತುಂಬಿದವರಿಗೆ ತಿಂಗಳಿಗೆ 1,200 ರೂಪಾಯಿ. ಮಂಜೂರಾಗಿ, ಕೆಲ ಕಾಲ ಬಂದು, ದಿಢೀರನೆ ನಿಂತಿದ್ದರೆ ಮೊದಲು ನೋಡಬೇಕಾದದ್ದು ಆಧಾರ್ ಯಾವ ಖಾತೆಗೆ ಸೀಡ್ ಆಗಿದೆ, ಅಂದರೆ ಜೋಡಣೆಯಾಗಿದೆ ಎಂಬುದನ್ನು. ನೇರ ನಗದು ವರ್ಗಾವಣೆಯ ಹಣ ಹೋಗುವುದು ಎನ್‌ಪಿಸಿಐ ಮ್ಯಾಪರ್‌ನಲ್ಲಿ, ಅಂದರೆ ಯಾವ ಆಧಾರ್‌ಗೆ ಯಾವ ಬ್ಯಾಂಕ್ ಎಂಬ ಪಟ್ಟಿಯಲ್ಲಿ, ಕೊನೆಯದಾಗಿ ಜೋಡಣೆಯಾದ ಖಾತೆಗೆ. ಸಂಘದ ಸಾಲಕ್ಕೋ ಬೇರೆ ಯೋಜನೆಗೋ ಮತ್ತೊಂದು ಬ್ಯಾಂಕಿನಲ್ಲಿ ಖಾತೆ ತೆರೆದು ಸೀಡಿಂಗ್ ಅರ್ಜಿಗೆ ಹೆಬ್ಬೆಟ್ಟು ಒತ್ತಿದ್ದರೆ ಪಿಂಚಣಿ ಸದ್ದಿಲ್ಲದೆ ಅಲ್ಲಿಗೆ ಹೋಗಿ ಕೂತಿರುತ್ತದೆ. ಅಜ್ಜ ಪ್ರತಿ ತಿಂಗಳು ಹಳೇ ಪಾಸ್‌ಬುಕ್ ಹಿಡಿದು ಬಂದು ಬರಿಗೈಲಿ ಹೋಗುತ್ತಾರೆ. ಮೈಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡಿದರೆ ಬ್ಯಾಂಕಿನ ಹೆಸರು ಗೊತ್ತಾಗುತ್ತದೆ. ಇದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲಿನ ಒಟಿಪಿ ಬೇಕು. ಆ ಸಿಮ್ ಈಗ ಇಲ್ಲವಾದರೆ ಮೊದಲು ಆಧಾರ್ ಕೇಂದ್ರದಲ್ಲಿ ಮೊಬೈಲ್ ನಂಬರ್ ಬದಲಿಸಬೇಕು. ದುಡಿದು ಸವೆದ ಬೆರಳುಗಳ ಗುರುತು ಯಂತ್ರ ಹಿಡಿಯದಿದ್ದರೆ ಕಣ್ಣು ಅಥವಾ ಮುಖದ ಗುರುತು ಕೇಳಿ. ಇಷ್ಟನ್ನು ನೋಡಿಕೊಂಡು ಆಮೇಲೆ ನಾಡಕಚೇರಿಗೆ ಹೋಗಿ. ಅಲ್ಲಿ ಉತ್ತರ ಸಿಗದಿದ್ದಾಗ 14567ಕ್ಕೆ ಮಾಡಿ, ಪಿಂಚಣಿ ಆದೇಶದ ಸಂಖ್ಯೆ ಕೊಟ್ಟು ಕೇಳಿದರೆ ಆ ಕರೆಗೆ ಬೆಲೆ ಬರುತ್ತದೆ.

ಇನ್ನು ಮಕ್ಕಳು ನೋಡಿಕೊಳ್ಳದಿರುವ ವಿಷಯ. ಇಲ್ಲಿ ಸಹಾಯವಾಣಿಯವರು ಮನೆಯವರೊಂದಿಗೆ ಮಾತಾಡಿ ನೋಡುತ್ತಾರೆ. ಆಗದಿದ್ದರೆ ತೋರಿಸುವ ದಾರಿ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ. ಕರ್ನಾಟಕದಲ್ಲಿ ನ್ಯಾಯಮಂಡಳಿಯ ಹೊಣೆ ಉಪವಿಭಾಗಾಧಿಕಾರಿಗಳದ್ದು, ಅಂದರೆ ಎಸಿ ಕಚೇರಿ. ಮೇಲ್ಮನವಿ ಜಿಲ್ಲಾಧಿಕಾರಿಗಳ ಬಳಿ, 60 ದಿನದೊಳಗೆ. ವಕೀಲರಿಲ್ಲದೆಯೇ ನಡೆಯಲಿ ಎಂದೇ ರೂಪಿಸಿದ ವ್ಯವಸ್ಥೆ ಇದು. ಹಿರಿಯರಿಗೆ ಆಗದಿದ್ದರೆ ಅವರು ಒಪ್ಪಿಗೆ ಕೊಟ್ಟ ವ್ಯಕ್ತಿ ಅಥವಾ ಸಂಸ್ಥೆ ಅರ್ಜಿ ಹಾಕಬಹುದು. ಸಂಘಗಳು ನಿಜವಾಗಿ ಕೈಜೋಡಿಸಬೇಕಾದ ಜಾಗ ಇದೇ. ಮಗ ಬೇರೆ ಊರಿನಲ್ಲಿದ್ದರೂ ಹಿರಿಯರು ತಾವಿರುವ ಜಿಲ್ಲೆಯಲ್ಲೇ ಅರ್ಜಿ ಕೊಡಬಹುದು. ಮಕ್ಕಳಿಲ್ಲದವರು ತಮ್ಮ ಆಸ್ತಿ ಅನುಭವಿಸುತ್ತಿರುವ ಅಥವಾ ಮುಂದೆ ಅದಕ್ಕೆ ವಾರಸುದಾರರಾಗುವ ಸಂಬಂಧಿಕರಿಂದ ಜೀವನಾಂಶ ಕೇಳಬಹುದು.

ಜೀವನಾಂಶಕ್ಕೆ ಕಾಯ್ದೆಯಲ್ಲಿ ಇಟ್ಟ ಮಿತಿ ತಿಂಗಳಿಗೆ 10,000 ರೂಪಾಯಿ. 2007ರಲ್ಲಿ ನಿಗದಿಯಾದ ಈ ಮೊತ್ತ ಇವತ್ತಿನ ಔಷಧಿ ಖರ್ಚಿನ ಮುಂದೆ ತೀರಾ ಕಡಿಮೆ, ಏರಿಸಲೇಬೇಕು. ಅರ್ಜಿ 90 ದಿನದಲ್ಲಿ ಮುಗಿಯಬೇಕು, ವಿಶೇಷ ಕಾರಣವಿದ್ದರೆ ಒಮ್ಮೆ 30 ದಿನ ಹೆಚ್ಚಿಸಬಹುದು. ಆದರೆ ಈ ಎಣಿಕೆ ಶುರುವಾಗುವುದು ಅರ್ಜಿ ಕೊಟ್ಟ ದಿನದಿಂದ ಅಲ್ಲ, ಎದುರುದಾರರಿಗೆ ನೋಟಿಸ್ ಜಾರಿಯಾದ ದಿನದಿಂದ. ಮಗ ಬಾಡಿಗೆ ಮನೆ ಬದಲಿಸಿದ್ದು ಗೊತ್ತಿಲ್ಲದೆ ಹಳೇ ವಿಳಾಸ ಕೊಟ್ಟರೆ ನೋಟಿಸ್ ವಾಪಸ್ ಬರುತ್ತದೆ, ತಿಂಗಳುಗಳು ಹಾಗೇ ಹೋಗುತ್ತವೆ. ಮನೆ ವಿಳಾಸದ ಜೊತೆ ಅವನು ಕೆಲಸ ಮಾಡುವ ಜಾಗದ ವಿಳಾಸ, ಫೋನ್ ನಂಬರ್ ಕೂಡ ಬರೆಯಿರಿ. ಪ್ರಕರಣ ಮುಗಿಯುವವರೆಗೆ ಮಧ್ಯಂತರ ಜೀವನಾಂಶ ಕೊಡಿಸಿ ಎಂದು ಅದೇ ಅರ್ಜಿಯಲ್ಲಿ ಕೇಳಿ. ಕೇಳದಿದ್ದರೆ ತಾವಾಗಿಯೇ ಕೊಡುತ್ತಾರೆಂದು ನಂಬಿ ಕೂರುವಂತಿಲ್ಲ.

ಆಸ್ತಿಯ ಮಾತು ಬಂದಾಗ ಪತ್ರ ಯಾವುದೆಂದು ಮೊದಲು ನೋಡಬೇಕು. ವಿಲ್ ಮಾತ್ರ ಬರೆದಿದ್ದರೆ ಗಾಬರಿ ಬೇಡ, ಬದುಕಿರುವವರೆಗೆ ಅದನ್ನು ಬದಲಿಸಬಹುದು, ರದ್ದು ಮಾಡಬಹುದು. ದಾನಪತ್ರ ಆಗಿಹೋಗಿದ್ದರೆ ಇದೇ 2007ರ ಕಾಯ್ದೆಯ 23ನೇ ಕಲಂ ನೋಡಬೇಕು: ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿ, ಆಮೇಲೆ ನೋಡಿಕೊಳ್ಳದಿದ್ದರೆ, ಆ ವರ್ಗಾವಣೆಯನ್ನು ನ್ಯಾಯಮಂಡಳಿ ಅನೂರ್ಜಿತ ಎಂದು ಘೋಷಿಸಬಹುದು. ಷರತ್ತು ಇತ್ತೆಂದು ತೋರಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ ಹೇಳಿತು. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ, ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದು ಹೇಳಿ ಆಸ್ತಿಯ ಸ್ವಾಧೀನವನ್ನು ತಾಯಿಗೆ ಮರಳಿಸಿತು. ಅಲ್ಲಿ ದಾನಪತ್ರದ ಜೊತೆಗೆ ಮಗ ಬರೆದುಕೊಟ್ಟಿದ್ದ ವಚನಪತ್ರ ಇತ್ತು ಎಂಬುದನ್ನು ಗಮನಿಸಿ. ಹಾಗಾಗಿ ಇನ್ನೂ ದಾನಪತ್ರ ಮಾಡದವರು "ನನ್ನನ್ನು ಕೊನೆಯವರೆಗೂ ಅನ್ನ, ವಸತಿ, ವೈದ್ಯಕೀಯ ಖರ್ಚು ಸಹಿತ ನೋಡಿಕೊಳ್ಳತಕ್ಕದ್ದು, ತಪ್ಪಿದಲ್ಲಿ ಈ ಪತ್ರ ರದ್ದಾಗತಕ್ಕದ್ದು" ಎಂಬ ಸಾಲನ್ನು ಪತ್ರದೊಳಗೇ ಬರೆಸಿ. ಬಾಯಿಮಾತಿನ ಭರವಸೆಗೆ ಎಸಿ ಕಚೇರಿಯಲ್ಲಿ ದಾಖಲೆ ಎಲ್ಲಿಂದ ತರುತ್ತೀರಿ?

ಬೀದಿಯಲ್ಲಿ ಬಿಟ್ಟುಹೋದ ಹಿರಿಯರನ್ನು ಕಂಡಾಗ ಕ್ರಮ ತಪ್ಪಬಾರದು. ಎಚ್ಚರವಿಲ್ಲ ಅಥವಾ ಗಾಯವಿದೆ ಎಂದಾದರೆ ಮೊದಲು 108. ಎಚ್ಚರವಿದ್ದರೆ ನೀರು ಕೊಟ್ಟು, ಎದುರು ಕೂತು, ಹೆಸರು, ಊರು ಕೇಳಿ. ಒಂದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಬಂದರೆ ಅದು ಮರೆಗುಳಿತನ ಇರಬಹುದು, ಮನೆಯವರು ಎಲ್ಲೋ ಹುಡುಕುತ್ತಿರಬಹುದು. ಆದ್ದರಿಂದ ನಾಪತ್ತೆ ದೂರು ಇದೆಯೇ ಎಂದು ಪೊಲೀಸ್ ಠಾಣೆಯಲ್ಲಿ ನೋಡಿಸದೆ ಯಾವ ಆಶ್ರಮಕ್ಕೂ ಸೇರಿಸಬೇಡಿ. 14567ಕ್ಕೆ ಜಾಗದ ಗುರುತು ನಿಖರವಾಗಿ ಹೇಳಿ. "ಬಸ್ ಸ್ಟ್ಯಾಂಡ್ ಹತ್ತಿರ" ಎಂದರೆ ಸಾಲದು, ಎಷ್ಟನೇ ಪ್ಲಾಟ್‌ಫಾರಂ, ಯಾವ ಅಂಗಡಿಯ ಎದುರು ಎಂದು ಬೇಕು. ಅವರು ಬರುವವರೆಗೆ ಯಾರಾದರೂ ಜೊತೆಗಿರಬೇಕು. ಸಹಾಯ ಬರುವ ಹೊತ್ತಿಗೆ ಹಿರಿಯರು ಎದ್ದು ಹೋಗಿರುವುದು ಇಲ್ಲಿ ಆಗುವ ಸಾಮಾನ್ಯ ಎಡವಟ್ಟು.

ರಾತ್ರಿ 8ರ ನಂತರ ಸೇವೆ ಇಲ್ಲ ಎಂಬುದು ನಮ್ಮ ಮುಖ್ಯ ತಕರಾರು. ಒಂಟಿತನ, ಭಯ ಹೆಚ್ಚುವುದು ಕತ್ತಲಾದ ಮೇಲೇ. ಆ ಹೊತ್ತಿಗೆ ಮಾತಾಡಲು ದಿನದ 24 ಗಂಟೆಯೂ ಇರುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಗೊತ್ತಿರಲಿ. ಫೋನಿನಲ್ಲಿ ಹೆದರಿಸಿ ಹಣ ಕಿತ್ತುಕೊಂಡಿದ್ದರೆ ಬೆಳಗಾಗುವವರೆಗೆ ಕಾಯದೆ 1930ಕ್ಕೆ ಕರೆ ಮಾಡಿ, ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರಿಹೋಗುತ್ತದೆ. ಉಚಿತ ಕಾನೂನು ನೆರವಿಗೆ 15100. ಈ ನಂಬರುಗಳನ್ನು ಹೆಬ್ಬೆರಳಷ್ಟು ದೊಡ್ಡ ಅಂಕಿಗಳಲ್ಲಿ ಬರೆದು, ಫೋನ್ ಇಡುವ ಜಾಗದ ಮೇಲೆ, ಕೂತಾಗ ಕಣ್ಣಿಗೆ ಬೀಳುವ ಎತ್ತರದಲ್ಲಿ ಅಂಟಿಸಿ.

ಸಂಘಗಳಿಗೆ ಒಂದು ಮಾತು. ಅಕ್ಟೋಬರ್ 1ರ ಹಿರಿಯರ ದಿನ ಶಾಲು, ಹಾರ, ಭಾಷಣಕ್ಕೆ ಮುಗಿಯುವುದು ಬೇಡ. ಅದೇ ಸಭಾಂಗಣದಲ್ಲಿ ನಾಲ್ಕು ಮೇಜು ಹಾಕಿ: ಒಂದರಲ್ಲಿ ಆಧಾರ್ ಸೀಡಿಂಗ್ ಪರಿಶೀಲನೆ, ಒಂದರಲ್ಲಿ ಹಿರಿಯ ನಾಗರಿಕರ ಗುರುತಿನ ಚೀಟಿಯ ಅರ್ಜಿ, ಒಂದರಲ್ಲಿ ಜೀವನಾಂಶದ ಅರ್ಜಿ ಬರೆದುಕೊಡುವವರು, ಒಂದರಲ್ಲಿ 14567ಕ್ಕೆ ಜೊತೆಗೆ ಕೂತು ಕರೆ ಮಾಡಿಸುವವರು. ಠಾಣೆಯವರನ್ನೂ ಕರೆಯಿರಿ. ತಮ್ಮ ವ್ಯಾಪ್ತಿಯ ಹಿರಿಯರ, ಅದರಲ್ಲೂ ಒಂಟಿಯಾಗಿರುವವರ ಪಟ್ಟಿ ಇಟ್ಟು, ತಿಂಗಳಿಗೊಮ್ಮೆಯಾದರೂ ಭೇಟಿ ಕೊಡಬೇಕೆಂದು 2007ರ ಕಾಯ್ದೆಯಡಿಯ ಮಾದರಿ ನಿಯಮಗಳೇ ಹೇಳುತ್ತವೆ. ಪಟ್ಟಿಯಲ್ಲಿ ನಿಮ್ಮ ಬೀದಿಯವರ ಹೆಸರಿದೆಯೇ ಎಂದು ಕೇಳಿ, ಇಲ್ಲದಿದ್ದರೆ ಅಲ್ಲೇ ಬರೆಸಿ. ಹಿಂದೆ ಜೀವನಾಂಶದ ಆದೇಶ ಪಡೆದವರನ್ನೂ ವಿಚಾರಿಸಿ. ಆದೇಶವಾದ ಮೇಲೂ ಮಗ ಹಣ ಕೊಡದಿದ್ದರೆ, ಬಾಕಿಯಾದ ದಿನದಿಂದ ಮೂರು ತಿಂಗಳೊಳಗೆ ವಸೂಲಿಗೆ ಮತ್ತೆ ಅರ್ಜಿ ಹಾಕಬೇಕು. ಆ ಗಡುವು ಮೀರಿದರೆ ವಾರಂಟ್ ಹೊರಡಿಸಲು ಬರುವುದಿಲ್ಲ.