ಹಳೆಯ ಹಾಲಿವುಡ್‌ಗೆ ಮೊದಲ ಸಿನಿಮಾ: '12 ಆಂಗ್ರಿ ಮೆನ್' ಅಥವಾ 'ರಿಯರ್ ವಿಂಡೋ'?

ಹಳೆಯ ಹಾಲಿವುಡ್ ಚಿತ್ರ ಒಂದನ್ನೂ ನೋಡದವರು ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದರೆ, ತುಂಬಾ ಜನ 'ಸಿಟಿಜನ್ ಕೇನ್' (1941) ಹೆಸರು ಹೇಳುತ್ತಾರೆ. ನನಗೂ ಅದು ಬಹಳ ಇಷ್ಟ. ಆದರೆ ಮೊದಲಿಗೆ ಬೇಡ. ನಾಲ್ಕಾರು ಹಳೆಯ ಚಿತ್ರ ನೋಡಿದ ಮೇಲೆ ಅದರ ರುಚಿ ಜಾಸ್ತಿ ಸಿಗುತ್ತದೆ. 'ಕಾಸಾಬ್ಲಾಂಕಾ' ಚೆಂದವೇ, ಆದರೆ ಎರಡನೇ ಮಹಾಯುದ್ಧದ ಫ್ರಾನ್ಸಿನ ಕತೆ ಗೊತ್ತಿಲ್ಲದವರಿಗೆ ನಡುನಡುವೆ ನಿಲ್ಲಿಸಿ ವಿವರಿಸಬೇಕಾಗುತ್ತದೆ.

ಹಾಗಾಗಿ ನಾನು ಮನೆಯವರಿಗೂ ಗೆಳೆಯರಿಗೂ ತೋರಿಸುತ್ತಾ ಬಂದಿರುವುದು ಎರಡೇ: ಸಿಡ್ನಿ ಲ್ಯುಮೆಟ್ ನಿರ್ದೇಶಿಸಿದ '12 ಆಂಗ್ರಿ ಮೆನ್' (1957), ಹಿಚ್‌ಕಾಕ್‌ನ 'ರಿಯರ್ ವಿಂಡೋ' (1954).

'ರಿಯರ್ ವಿಂಡೋ' ಕಲರ್ ಚಿತ್ರ. ಕಪ್ಪು ಬಿಳುಪು ಎಂದರೆ ಮುಖ ತಿರುಗಿಸುವವರನ್ನು ಕೂರಿಸಲು ಇದು ಸಲೀಸು. ಶುರುವಿನಲ್ಲೇ ನೋಡಿ: ಪ್ಲಾಸ್ಟರ್ ಹಾಕಿದ ಕಾಲು, ಒಡೆದ ಕ್ಯಾಮೆರಾ, ರೇಸ್ ಕಾರಿನ ಅಪಘಾತದ ಫೋಟೋ. ಒಂದು ಮಾತೂ ಇಲ್ಲದೆ ನಾಯಕನಿಗೆ ಏನಾಯಿತು ಎಂದು ಹೇಳಿ ಮುಗಿಯಿತು! ಆಮೇಲಿನ ಅರ್ಧ ಗಂಟೆ ಮಾತ್ರ ನಿಧಾನ. ಅಲ್ಲೇ ಜನ ಮೊಬೈಲ್ ತೆಗೆಯುತ್ತಾರೆ. ಎದುರು ಮನೆಯವನು ಕೊಲೆ ಮಾಡಿರಬಹುದು ಎಂಬ ಅನುಮಾನದಿಂದ ನಾಯಕಿ ಗ್ರೇಸ್ ಕೆಲಿ ಆ ಮನೆಗೆ ನುಗ್ಗಿದಾಗ, ಅವನು ವಾಪಸ್ ಬರುವ ಹೊತ್ತಿಗೆ, ನಮ್ಮ ಅತ್ತೆ "ಅಯ್ಯೋ, ಹೊರಗೆ ಬಾರೇ!" ಎಂದು ಟಿವಿಗೇ ಹೇಳಿದ್ದರು.

'12 ಆಂಗ್ರಿ ಮೆನ್' ಕಪ್ಪು ಬಿಳುಪು, ಬಹುತೇಕ ಒಂದೇ ಕೋಣೆ, ಬರೀ ಮಾತು. ಕೇಳಿದರೆ ಬೋರ್ ಅನ್ನಿಸುತ್ತದೆ, ಅಲ್ವಾ? ಆದರೆ ನನ್ನ ಜೊತೆ ನೋಡಿದವರಲ್ಲಿ ಯಾರೂ ಮಧ್ಯೆ ಎದ್ದು ಹೋಗಿಲ್ಲ. ಜ್ಯೂರಿ (ಕೋರ್ಟಿನಲ್ಲಿ ತೀರ್ಪು ಹೇಳಲು ಕೂರಿಸುವ ಸಾಮಾನ್ಯ ಜನರ ತಂಡ) ಎಂದರೇನು ಎಂದು ಮೊದಲೇ ಪಾಠ ಮಾಡುವುದೂ ಬೇಡ. ಹನ್ನೆರಡು ಜನರೂ ಒಂದೇ ತೀರ್ಪಿಗೆ ಬರಬೇಕು ಎಂದು ನ್ಯಾಯಾಧೀಶರೇ ಶುರುವಿನಲ್ಲಿ ಹೇಳಿಬಿಡುತ್ತಾರೆ. ಕೊಲೆಯ ಆರೋಪ ಹೊತ್ತ ಹುಡುಗ ಅಪರಾಧಿ ಎಂದು ಹನ್ನೊಂದು ಜನ ಹೇಳುತ್ತಾರೆ, ನಾಯಕ ಹೆನ್ರಿ ಫೋಂಡಾ ಒಬ್ಬನೇ ಇಲ್ಲ ಎನ್ನುತ್ತಾನೆ. ಕೊಲೆಗೆ ಬಳಸಿದಂಥ ಚಾಕು ಇನ್ನೊಂದಿಲ್ಲ ಎಂದು ಉಳಿದವರು ವಾದಿಸುತ್ತಿರುವಾಗ, ಅವನು ಜೇಬಿನಿಂದ ಅದೇ ಥರದ ಚಾಕು ತೆಗೆದು ಮೇಜಿಗೆ ಚುಚ್ಚುತ್ತಾನೆ. ಅಲ್ಲಿಂದ ನೋಡುವವರೂ ವಾದಕ್ಕೆ ಇಳಿಯುತ್ತಾರೆ. ಮೊದಲು ಕಣ್ಣಿನ ಮಟ್ಟಕ್ಕಿಂತ ಮೇಲಿದ್ದ ಕ್ಯಾಮೆರಾ ಹೋಗ್ತಾ ಹೋಗ್ತಾ ಕೆಳಗಿಳಿಯುತ್ತದೆ, ಕೋಣೆ ಇಕ್ಕಟ್ಟಾದ ಹಾಗೆ ಸೆಕೆ ಹತ್ತುತ್ತದೆ. ಇದನ್ನು ಸುಮ್ನೆ ಮೊದಲೇ ಹೇಳಬೇಡಿ, ಎರಡನೇ ಸಲ ನೋಡುವಾಗ ತೋರಿಸಿ.

ನನ್ನ ಆಯ್ಕೆ '12 ಆಂಗ್ರಿ ಮೆನ್'. ಒಂದೂವರೆ ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ, ಊಟವಾದ ಮೇಲೂ ಕೂರಬಹುದು. ಥ್ರಿಲ್ಲರ್ ಹುಚ್ಚಿನವರಿಗೆ ಮಾತ್ರ 'ರಿಯರ್ ವಿಂಡೋ' ಮೊದಲು. ಎರಡಕ್ಕೂ ಸಬ್‌ಟೈಟಲ್ ಹಾಕಿಕೊಳ್ಳಿ. ಆ ಹನ್ನೆರಡು ಜನ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡುತ್ತಾರೆ.