ಟೊಮೆಟೊ ಸುಳಿ ಸುರುಟಿದರೆ ಔಷಧಿ ಹೊಡೆಯುವ ಮೊದಲು ಗೊಬ್ಬರವನ್ನು ಅನುಮಾನಿಸಿ

ಸಗಣಿ ಗೊಬ್ಬರ ಹಾಕಿದ ಪಾತಿ ಬೇಸಿಗೆಯ ಮೊದಲ ವಾರಗಳಲ್ಲಿ ಚೆನ್ನಾಗಿಯೇ ಇತ್ತು. ಟೊಮೆಟೊ ಸಸಿ ಬೇರು ಹಿಡಿದಿತ್ತು, ಬೀನ್ಸ್ ಎರಡೆಲೆ ಬಿಟ್ಟಿತ್ತು, ಡೇಲಿಯಾ ಗೆಡ್ಡೆ ಮೊಳೆತಿತ್ತು. ಆಮೇಲೆ ಟೊಮೆಟೊದ ಹೊಸ ಎಲೆಗಳು ಜರೀಗಿಡದ ಎಲೆಯಂತೆ ಸಪೂರವಾಗಿ ಸುರುಟಿದವು. ಬೀನ್ಸ್ ಎಲೆ ಬಟ್ಟಲಿನ ಆಕಾರಕ್ಕೆ ಮುದುಡಿತು, ಡೇಲಿಯಾ ಕಾಂಡ ತಿರುಚಿಕೊಂಡಿತು. ಅದೇ ಪಾತಿಯ ಅಂಚಿನ ಮೆಕ್ಕೆಜೋಳಕ್ಕೆ ಮಾತ್ರ ಏನೂ ಆಗಲಿಲ್ಲ. ವೈರಸ್ ಇರಬೇಕೆಂದು ಬೇವಿನೆಣ್ಣೆ ಸಿಂಪಡಿಸಿದ್ದಾಯಿತು, ಪ್ರಯೋಜನವಾಗಲಿಲ್ಲ. ಪೋಷಣೆ ಸಾಲದೆಂದು ಅದೇ ಗೊಬ್ಬರವನ್ನು ಇನ್ನೊಂದು ಸಲ ಬುಡಕ್ಕೆ ಕೊಟ್ಟದ್ದಂತೂ ಪಾತಿಯನ್ನು ಪೂರ್ತಿ ಕೆಡಿಸಿತು.

ತಪ್ಪಿದ್ದದ್ದು ಆ ಗೊಬ್ಬರದಲ್ಲೇ. ಹುಲ್ಲುಗಾವಲಿನ ಅಗಲ ಎಲೆಯ ಕಳೆ ಕೊಲ್ಲಲು ಅಮಿನೋಪಿರಾಲಿಡ್, ಕ್ಲೋಪಿರಾಲಿಡ್, ಪಿಕ್ಲೋರಾಮ್ ಎಂಬ ಕಳೆನಾಶಕಗಳನ್ನು ಬಳಸುತ್ತಾರೆ. ಇವು ಹುಲ್ಲನ್ನು ಕೊಲ್ಲುವುದಿಲ್ಲ, ಆದರೆ ಹುಲ್ಲಿನಲ್ಲಿ ಉಳಿಯುತ್ತವೆ. ಆ ಹುಲ್ಲು ತಿಂದ ದನ, ಕುದುರೆಗೆ ಏನೂ ಆದಂತೆ ಕಾಣುವುದಿಲ್ಲ. ವಿಷ ಹೆಚ್ಚುಕಡಿಮೆ ಹಾಗೇ ಸಗಣಿ, ಲದ್ದಿ, ಗಂಜಲದಲ್ಲಿ ಹೊರಬರುತ್ತದೆ. ತಿಪ್ಪೆಯ ಕಾವು ಕಳೆಬೀಜವನ್ನು ಸಾಯಿಸಬಹುದು, ಇದನ್ನು ನಂಬುವಂತೆ ಒಡೆಯುವುದಿಲ್ಲ. ಆದ್ದರಿಂದ ‘ಚೆನ್ನಾಗಿ ಕಳಿತ ಗೊಬ್ಬರ’ ಎಂಬ ಮಾತು ಇಲ್ಲಿ ಯಾವ ಖಾತರಿಯೂ ಅಲ್ಲ. ಮಣ್ಣಿನಲ್ಲಿ ಶತಕೋಟಿಗೆ ಕೆಲವೇ ಭಾಗ ಇದ್ದರೂ ಟೊಮೆಟೊ, ಆಲೂಗಡ್ಡೆ, ಬೀನ್ಸ್, ಬಟಾಣಿ ಹಾಳಾಗುತ್ತವೆ. ಹೂಗಳಲ್ಲಿ ಡೇಲಿಯಾ, ಸೂರ್ಯಕಾಂತಿ, ಜಿನಿಯಾ.

ಇದು ಹೊಸ ಸಂಗತಿಯೇನಲ್ಲ. 2000ರ ಆಸುಪಾಸಿನಲ್ಲಿ ಅಮೆರಿಕದ ಸ್ಪೋಕೇನ್‌ನಲ್ಲಿ ಕ್ಲೋಪಿರಾಲಿಡ್ ಸೇರಿದ ಕಾಂಪೋಸ್ಟ್‌ನಿಂದ ತೋಟಗಳು ಹಾಳಾದವು. ಅಲ್ಲಿ ವಿಷ ಬಂದದ್ದು ಹುಲ್ಲುಹಾಸಿನ ಕತ್ತರಿಕೆಯಿಂದ. 2008ರಲ್ಲಿ ಬ್ರಿಟನ್‌ನ ಕೈತೋಟಗಳಲ್ಲಿ ಇದೇ ಗತಿಯಾಗಿ, ಅಮಿನೋಪಿರಾಲಿಡ್ ಮಾರಾಟವನ್ನೇ ಕೆಲಕಾಲ ತಡೆಹಿಡಿಯಬೇಕಾಯಿತು.

ಎಲೆ ಸುರುಟಿದ್ದೆಲ್ಲ ಕಳೆನಾಶಕವೂ ಅಲ್ಲ. ಬಿಸಿಲು, ನೀರಿನ ಏರುಪೇರಿಗೆ ಟೊಮೆಟೊದ ಕೆಳಗಿನ ಹಳೆಯ ಎಲೆಗಳು ಉದ್ದಕ್ಕೆ ಸುತ್ತಿಕೊಳ್ಳುತ್ತವೆ, ಸುಳಿ ಸರಿಯಾಗಿರುತ್ತದೆ, ಅದಕ್ಕೆ ಹೆದರಬೇಕಿಲ್ಲ. ವೈರಸ್ ಆದರೆ ಸಾಮಾನ್ಯವಾಗಿ ಅಲ್ಲೊಂದು ಇಲ್ಲೊಂದು ಗಿಡದಲ್ಲಿ ಶುರುವಾಗಿ ಹರಡುತ್ತದೆ, ಎಲೆಯಲ್ಲಿ ಹಳದಿ ಚುಕ್ಕೆ ಅಥವಾ ಪಟ್ಟೆ ಕಾಣಬಹುದು. ಪಕ್ಕದ ಜಾಗದಲ್ಲಿ ಹೊಡೆದ ಕಳೆನಾಶಕ ಗಾಳಿಯಲ್ಲಿ ತೇಲಿ ಬಂದಿದ್ದರೆ ಆ ಬದಿಯ ಗಿಡಗಳಿಗೆ ಪೆಟ್ಟು ಹೆಚ್ಚು, ಸ್ವಲ್ಪವೇ ತಾಗಿದ್ದರೆ ಮುಂದಿನ ಚಿಗುರು ಸುಧಾರಿಸುತ್ತದೆ. ಗೊಬ್ಬರದ ದೋಷವಾದರೆ ಬೇರೆ ಬೇರೆ ಜಾತಿಯ ಗಿಡಗಳು ಒಟ್ಟಿಗೇ ಕೆಡುತ್ತವೆ, ಪ್ರತಿ ಹೊಸ ಚಿಗುರೂ ಸುರುಟಿಯೇ ಬರುತ್ತದೆ, ಮೆಕ್ಕೆಜೋಳ ಮತ್ತು ಹುಲ್ಲು ಹಸಿರಾಗಿ ನಗುತ್ತಿರುತ್ತವೆ. ಗೊಬ್ಬರ ಹಾಕದ ಪಾತಿಯೊಂದು ಇದ್ದರೆ ಅದರ ಜೊತೆ ಹೋಲಿಸಿ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಗೊಬ್ಬರದ ರಾಶಿ ಬಂದ ದಿನವೇ ಪಾತಿಗೆ ಸುರಿಯಬೇಡಿ. ಮೊದಲು ಬೀನ್ಸ್ ಪರೀಕ್ಷೆ ಮಾಡಿ. ರಾಶಿಯ ಐದಾರು ಕಡೆಯಿಂದ, ಒಳಗಿನಿಂದಲೂ, ಒಂದೊಂದು ಹಿಡಿ ತೆಗೆದು ಕಲಸಿ. ಒಂದು ಪಾಲು ಗೊಬ್ಬರಕ್ಕೆ ಒಂದು ಪಾಲು ಕುಂಡದ ಶುದ್ಧ ಮಿಶ್ರಣ ಸೇರಿಸಿ ಮೂರು ಸಣ್ಣ ಕುಂಡ ತುಂಬಿ. ಇನ್ನು ಮೂರಕ್ಕೆ ಗೊಬ್ಬರವಿಲ್ಲದ ಮಿಶ್ರಣ ಮಾತ್ರ. ಪ್ರತಿ ಕುಂಡಕ್ಕೆ ಮೂರು ಬೀನ್ಸ್ ಅಥವಾ ಬಟಾಣಿ ಬೀಜ. ಒಂದೊಂದಕ್ಕೂ ಬೇರೆ ತಟ್ಟೆ ಇಡಿ. ಈ ವಿಷ ನೀರಿನಲ್ಲಿ ಕರಗುತ್ತದೆ, ಒಂದೇ ತಟ್ಟೆಯಾದರೆ ಬಸಿದ ನೀರು ಶುದ್ಧ ಕುಂಡಕ್ಕೂ ಹೋಗಿ ಪರೀಕ್ಷೆಯೇ ಕೆಡುತ್ತದೆ. ಎರಡರಿಂದ ಮೂರು ವಾರ ಕಾಯಬೇಕು. ಮೊದಲ ಜೋಡಿ ಎಲೆ ನೋಡಿ ತೀರ್ಮಾನಿಸಬೇಡಿ, ಬೀನ್ಸ್‌ನಲ್ಲಿ ಆಮೇಲೆ ಬರುವ ಮೂರೆಲೆಯ ಗೊಂಚಲಲ್ಲಿ ಲಕ್ಷಣ ಸ್ಪಷ್ಟವಾಗಿ ಕಾಣುವುದು. ಬೀಜವೇ ಮೊಳೆಯದಿದ್ದರೆ ಅಥವಾ ಎಲೆಯಂಚು ಸುಟ್ಟಂತಾದರೆ ಅದು ಉಪ್ಪಿನಂಶವೋ ಹಸಿ ಗೊಬ್ಬರದ ಅಮೋನಿಯಾವೋ ಇರಬಹುದು, ಆ ಲೆಕ್ಕ ಬೇರೆ.

ಮಾರುವವರನ್ನು ‘ಸಾವಯವವೇ?’ ಎಂದು ಕೇಳಿ ಫಲವಿಲ್ಲ. ಮೇವು ಎಲ್ಲಿಯದು, ಆ ಗದ್ದೆಗೆ ಕಳೆನಾಶಕ ಬಿದ್ದಿತ್ತೇ ಎಂದು ಕೇಳಿ. ಮೇವನ್ನು ಕೊಂಡು ತಂದು ಹಾಕುವವರಿಗೆ ಎಷ್ಟೋ ಸಲ ಅದು ತಿಳಿದಿರುವುದೇ ಇಲ್ಲ. ಹೊದಿಕೆಗೆ ತರುವ ಒಣಹುಲ್ಲಿಗೂ ಇದೇ ಪ್ರಶ್ನೆ.

ಪಾತಿ ಈಗಾಗಲೇ ಕೆಟ್ಟಿದ್ದರೆ ಇನ್ನೂ ಬೆರೆಯದ ಗೊಬ್ಬರವನ್ನು ಕೆರೆದು ತೆಗೆಯಿರಿ. ಉಳಿದದ್ದನ್ನು ಒಡೆಯುವುದು ಮಣ್ಣಿನ ಸೂಕ್ಷ್ಮಜೀವಿಗಳು. ಅವಕ್ಕೆ ಬೆಚ್ಚಗಿನ, ತೇವವಿರುವ, ಗಾಳಿಯಾಡುವ ಮಣ್ಣು ಬೇಕು. ಅದಕ್ಕೇ ಆಗಾಗ ಅಗೆದು ತಿರುವಿ ಹಾಕಿ, ಪೂರ್ತಿ ಒಣಗಲು ಬಿಡಬೇಡಿ. ಕೆಲವು ತಿಂಗಳು ಸಾಕಾಗಬಹುದು, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ. ಅಷ್ಟರವರೆಗೆ ಮೆಕ್ಕೆಜೋಳ ಬೆಳೆಯಬಹುದು, ಆದರೆ ಅದರ ದಂಟನ್ನೂ ಕೆಟ್ಟ ಟೊಮೆಟೊ ಗಿಡಗಳನ್ನೂ ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ. ಮತ್ತೆ ಟೊಮೆಟೊ ನೆಡುವ ಮುಂಚೆ ಆ ಪಾತಿಯ ಮಣ್ಣಿನಲ್ಲೇ ಬೀನ್ಸ್ ಬಿತ್ತಿ ನೋಡಿ.